ಬೆಳಗಾದರೆ ಲಾನಿನಲ್ಲಿ ಮಣ್ಣಿನ ಗುಡ್ಡೆ: ಅಗೆಯುತ್ತಿರುವುದು ಯಾರು?

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನೋಡಿದರೆ ಧಾರವಾಡದ ನಮ್ಮ ಮನೆ ಮುಂದಿನ ಲಾನಿನಲ್ಲಿ ಮೂರು ಮಣ್ಣಿನ ಗುಡ್ಡೆ. ಲಾನ್ ಅಂದರೆ ದೊಡ್ಡದೇನಲ್ಲ, 20 ಅಡಿಗೆ 15 ಅಡಿ. ಫೋಟೋ ತೆಗೆದು ಅಮೇರಿಕಾದಲ್ಲಿರುವ ಅಣ್ಣನ ಮಗನಿಗೆ ಕಳಿಸಿದೆ. ಅವನು ತಕ್ಷಣ ಉತ್ತರ ಕಳಿಸಿದ: "ಅತ್ತೆ, ಇದು ಮೋಲ್, ನೆಲದೊಳಗೆ ಸುರಂಗ ಕೊರೆಯೋ ಸಣ್ಣ ಪ್ರಾಣಿ. ನೆಲದಲ್ಲಿ ಚುಚ್ಚುವ ಸೋಲಾರ್ ಕಂಬಿ ಸಿಗ್ತದೆ, ಅದರ ಸದ್ದಿಗೆ ಓಡಿ ಹೋಗ್ತದೆ." ಆನ್‌ಲೈನ್‌ನಲ್ಲಿ ತರಿಸಿದೆ, ಚುಚ್ಚಿದೆ. ಎರಡನೇ ರಾತ್ರಿಗೆ ಆ ಕಂಬಿಯಿಂದ ಒಂದು ಗೇಣು ದೂರದಲ್ಲೇ ಹೊಸ ಗುಡ್ಡೆ ಎದ್ದಿತು.

ಹಿತ್ತಲ ಕೆಲಸಕ್ಕೆ ಬರುವ ಅಜ್ಜ ಅದನ್ನು ನೋಡಿ ನಕ್ಕರು. "ಅಕ್ಕಾರ, ಇದು ಹೆಗ್ಗಣದ ಕೆಲಸ ಐತ್ರಿ. ಅಮೇರಿಕಾದ ಪ್ರಾಣಿ ಇಲ್ಲಿಗೆ ಯಾಕ ಬರ್ತೈತ್ರಿ?"

ಅಜ್ಜ ಹೇಳಿದ್ದು ಸರಿ. ಮೋಲ್ ಅನ್ನುವ ಪ್ರಾಣಿ ಯುರೋಪು, ಉತ್ತರ ಅಮೇರಿಕಾಗಳಲ್ಲಿ ಲಾನಿನ ದೊಡ್ಡ ಪಿಡುಗು. ನಮ್ಮ ದೇಶದಲ್ಲಿ ಅದು ಇರುವುದು ಹಿಮಾಲಯದ ಬುಡದಲ್ಲಿ ಮತ್ತು ಈಶಾನ್ಯ ರಾಜ್ಯಗಳಲ್ಲಿ ಮಾತ್ರ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅದು ಇಲ್ಲವೇ ಇಲ್ಲ. ಆದರೆ ವಿಡಿಯೋ ನೋಡಿದರೆ ಎಲ್ಲ ಮೋಲ್‌ನದ್ದೇ ಕತೆ: ಹರಳೆಣ್ಣೆ ಸಿಂಪಡಿಸಿ, ಸುರಂಗದಲ್ಲಿ ಕತ್ತರಿ ಬೋನು ಇಡಿ, ಹೀಗೆ. ಇಲ್ಲಿ ಇಲ್ಲದ ಪ್ರಾಣಿಗೆ ಮದ್ದು ಮಾಡಿ ನಾನು ದುಡ್ಡು ಕಳೆದುಕೊಂಡೆ. ನೀವು ಹಾಗೆ ಮಾಡಬೇಡಿ. ಅಗೆಯುತ್ತಿರುವುದು ಯಾರು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ಒಂದು ರೂಪಾಯಿಯೂ ಬೇಕಾಗಿಲ್ಲ.

ಇವತ್ತು ಸಂಜೆಯೇ ಮಾಡಬಹುದಾದ ಎರಡು ಕೆಲಸ

ಒಂದು, ಲಾನಿನಲ್ಲಿ ಕಾಣುವ ಎಲ್ಲ ತೂತು, ಬಿಲಗಳ ಬಾಯಿಯನ್ನು ಸಂಜೆ ಹಸಿ ಮಣ್ಣಿನಿಂದ ಮುಚ್ಚಿ. ಕೈಯಿಂದ ಬೇಡ, ಸಲಿಕೆಯಿಂದ. ಒಂದೊಂದರ ಪಕ್ಕ ಒಂದೊಂದು ಕಡ್ಡಿ ನೆಡಿ. ಬೆಳಗ್ಗೆ ಎದ್ದು ನೋಡಿ. ಮತ್ತೆ ಬಾಯಿ ತೆರೆದ ಬಿಲದಲ್ಲಿ ಪ್ರಾಣಿ ಇದೆ. ಮುಚ್ಚಿದ್ದು ಮುಚ್ಚಿದಂತೆಯೇ ಇದ್ದರೆ ಅದು ಹಳೆಯ ಬಿಲ. ಒಂದು ರಾತ್ರಿಗೆ ನಂಬಬೇಡಿ, ಎರಡು ಮೂರು ರಾತ್ರಿ ನೋಡಿ. ರೈತರು ಹೊಲದಲ್ಲಿ ಇಲಿ ಬಿಲ ಎಣಿಸುವುದೂ ಹೀಗೆಯೇ. ನಮ್ಮಲ್ಲಿ ಒಂಬತ್ತು ತೂತು ಮುಚ್ಚಿದ್ದೆವು, ಬೆಳಗ್ಗೆ ತೆರೆದಿದ್ದು ಎರಡೇ. ಅಂದರೆ ನಾನು ಹೆದರಿಕೊಂಡಷ್ಟು ದೊಡ್ಡ ಸೈನ್ಯವೇನೂ ಇರಲಿಲ್ಲ.

ಎರಡು, ಬಿಲದ ಸುತ್ತ, ಕಂಪೌಂಡಿನ ಬುಡದಲ್ಲಿ, ಒಳಚರಂಡಿ ಚೇಂಬರ್ ಹತ್ತಿರ ರಂಗೋಲಿ ಪುಡಿಯನ್ನು ತೆಳುವಾಗಿ ಚೆಲ್ಲಿ. ಒಲೆ ಬೂದಿ ಇದ್ದರೂ ನಡೆಯುತ್ತದೆ. ಬೆಳಗ್ಗೆ ಹೆಜ್ಜೆ ಗುರುತು ಕಾಣುತ್ತದೆ, ಬಾಲ ಎಳೆದ ಗೆರೆ ಕಾಣುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದೂ ತಿಳಿಯುತ್ತದೆ. ಮಳೆ ಇರುವ ರಾತ್ರಿ ಇದು ಸುಮ್ನೆ ದಂಡ.

ಇನ್ನು ಒಂದೊಂದೇ ಲಕ್ಷಣ ನೋಡೋಣ. ಅಪಾಯ ಇಲ್ಲದ್ದು ಮೊದಲು.

ಕಡಲೆಕಾಳಿನಷ್ಟು ಸಣ್ಣ ಮಣ್ಣಿನ ಮುದ್ದೆಗಳು, ಲಾನ್ ತುಂಬಾ

ಶಾವಿಗೆ ಸುತ್ತಿಟ್ಟಂತೆ, ಒದ್ದೆ ಒದ್ದೆ ಮುದ್ದೆ. ಮಳೆ ಬಂದ ಮರುದಿನ ಜಾಸ್ತಿ. ಇದು ಎರೆಹುಳುವಿನ ಹಿಕ್ಕೆ, ನಿಮ್ಮ ಮಣ್ಣು ಚೆನ್ನಾಗಿದೆ ಅಂತ ಅರ್ಥ. ಒಣಗಿದ ಮೇಲೆ ಪೊರಕೆಯಿಂದ ಹರವಿಬಿಡಿ, ಗೊಬ್ಬರ ಆಯಿತು. ಔಷಧ ಹೊಡೆಯಲು ಹೋಗಬೇಡಿ.

ಪುಡಿ ಪುಡಿ ಮಣ್ಣು, ನಡುವೆ ಸೂಜಿ ತೂತು ಇದ್ದರೆ ಇರುವೆ. ಕೆಂಪಿರುವೆ ಇದ್ದು ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಗಮನ ಕೊಡಿ.

ನೆಲ ಬಾಯಿ ಬಿಟ್ಟಿದೆ ಅಥವಾ ಕುಸಿದಿದೆ, ಆದರೆ ಮೇಲೆ ಮಣ್ಣಿನ ಗುಡ್ಡೆ ಇಲ್ಲ

ಪ್ರಾಣಿ ಅಗೆದರೆ ಮಣ್ಣು ಹೊರಗೆ ಬರಲೇಬೇಕು, ಅಲ್ವಾ? ಹೊರಗೆ ಮಣ್ಣೇ ಇಲ್ಲ ಅಂದರೆ ಪ್ರಾಣಿಯ ಮೇಲೆ ಅನುಮಾನ ಬೇಡ.

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಇದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಾರ್ಚ್‌ನಿಂದ ಮೇ ತನಕ ಲಾನಿಗೆ ನೀರು ಸಾಲದಿದ್ದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರಡು ಮೂರು ಅಡಿ ಆಳಕ್ಕೆ ಹೋಗುವುದೂ ಉಂಟು. ಬಿಂದಿಗೆ ನೀರು ಹಾಕಿದರೂ ಸೊರ್ರೆಂದು ಒಳಗೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಇದನ್ನೇ ಸುರಂಗ ಅಂದುಕೊಂಡು ಒಂದು ವಾರ ಬೋನು ಇಟ್ಟು ಕೂತಿದ್ದಳು. ಮೊದಲ ಮಳೆಗೆ ಎಲ್ಲ ಮುಚ್ಚಿಕೊಂಡಿತು. ಬಿರುಕಿಗೆ ಸಿಮೆಂಟ್ ತುಂಬಬೇಡಿ, ಮುಂದಿನ ಮಳೆಗೆ ಮಣ್ಣು ಉಬ್ಬಿ ಅದನ್ನು ಎತ್ತಿ ಹಾಕುತ್ತದೆ. ಪುಡಿ ಗೊಬ್ಬರ ತುಂಬಿ, ದಿನಾ ಸ್ವಲ್ಪ ಸ್ವಲ್ಪ ನೀರು ಕೊಡಿ. ಧಾರವಾಡದ ಕೆಂಪು ಮಣ್ಣಿನಲ್ಲಿ ಈ ತಾಪತ್ರಯ ಕಡಿಮೆ.

ಗೆರೆಯಂತೆ ಉದ್ದಕ್ಕೆ ತಗ್ಗು ಬಿದ್ದಿದ್ದರೆ ಕೆಳಗೆ ಪೈಪು ಹೋಗಿದೆಯಾ ಅಂತ ನೆನಪು ಮಾಡಿಕೊಳ್ಳಿ. ಹೂಳಿದ ಮಣ್ಣು ಕೂತಿರಬಹುದು, ಇಲ್ಲಾ ಪೈಪು ಸೋರುತ್ತಿರಬಹುದು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ಬರೆದಿಡಿ, ಬೆಳಗ್ಗೆ ನೋಡಿ. ಸಂಪ್ ಮೇಲೆ ಅನುಮಾನ ಇದ್ದರೆ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಹಾಕಿ. ಯಾರೂ ನೀರು ಬಳಸದೆ ಮಟ್ಟ ಇಳಿದರೆ ಪ್ಲಂಬರ್‌ನ ಕರೆಯಿರಿ.

ಹುಲ್ಲು ತೇಪೆ ತೇಪೆಯಾಗಿ ಹಳದಿಯಾಗಿದೆ, ಎಳೆದರೆ ಚಾಪೆಯಂತೆ ಎದ್ದು ಬರುತ್ತದೆ

ಇದಕ್ಕೆ ನೀರು ಸಾಲದು ಅಂದುಕೊಂಡು ಎಷ್ಟೋ ಜನ ನೀರು ಹಾಕುತ್ತಲೇ ಇರುತ್ತಾರೆ. ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ನೀರಿಲ್ಲದೆ ಒಣಗಿದ ಹುಲ್ಲಿನ ಬೇರು ನೆಲ ಬಿಟ್ಟು ಬರುವುದಿಲ್ಲ. ಬೇರೇ ಇಲ್ಲದೆ ಮೇಲೆದ್ದು ಬಂದರೆ ಕೆಳಗೆ ಗೊಣ್ಣೆಹುಳು ಇದೆ.

ಒಂದು ಚದರ ಅಡಿ ಹುಲ್ಲು ಕತ್ತರಿಸಿ ಮಡಚಿ, ಎರಡು ಮೂರು ಇಂಚು ಮಣ್ಣು ಕೆದಕಿ. ಬಿಳಿ ಮೈ, ಕಂದು ತಲೆ, ಕುಡುಗೋಲಿನಂತೆ ಬಾಗಿ ಮಲಗಿರುವ ದಪ್ಪ ಹುಳು ಸಿಗುತ್ತದೆ. ಒಂದೆರಡು ಇದ್ದರೆ ಬಿಟ್ಟುಬಿಡಿ. ಐದಾರಕ್ಕಿಂತ ಜಾಸ್ತಿ ಇದ್ದರೆ ಲಾನ್ ಉಳಿಯುವುದು ಕಷ್ಟ. ಕಬ್ಬು, ಶೇಂಗಾ ಬೆಳೆಯುವ ರೈತರಿಗೆ ಇದು ಹಳೆಯ ವೈರಿ.

ಮುಂಗಾರಿಗೆ ಮುಂಚಿನ ಮೊದಲ ದೊಡ್ಡ ಮಳೆಗೆ ಇದರ ದುಂಬಿಗಳು ನೆಲದಿಂದ ಏಳುತ್ತವೆ, ಕತ್ತಲಾಗುವ ಹೊತ್ತಿಗೆ ಬೇವು, ಜಾಲಿ ಗಿಡಗಳಿಗೆ ಮುತ್ತುತ್ತವೆ. ನಂತರ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಲಾನ್ ಹಳದಿಯಾಗುವುದು ಜುಲೈ ನಂತರ. ಹಾಗಾಗಿ ಅಗ್ಗದ ಮದ್ದು ಮೇ-ಜೂನ್‌ನಲ್ಲೇ ಇದೆ: ಆ ಸಂಜೆಗಳಲ್ಲಿ ಗಿಡದ ಕೆಳಗೆ ಹಳೆಯ ಸೀರೆ ಹಾಸಿ, ಟೊಂಗೆ ಅಲ್ಲಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ನಮ್ಮ ಓಣಿಯ ಮಕ್ಕಳಿಗೆ ಇದು ಆಟ, ಆದರೆ ಸೀಮೆಎಣ್ಣೆ ಬಕೆಟ್ ದೊಡ್ಡವರ ಕೈಯಲ್ಲೇ ಇರಲಿ.

ಹುಳು ಆಗಲೇ ಬಂದಿದ್ದರೆ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ಕೃಷಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಹುಡಿ ಗೊಬ್ಬರದಲ್ಲಿ ಕಲಸಿ, ಮಣ್ಣು ಹಸಿ ಇರುವಾಗ ಸಂಜೆ ಹೊತ್ತು ಹರವಿ. ಬಿಸಿಲಿಗೆ ಅದು ಸಾಯುತ್ತದೆ. ನಿಧಾನವಾಗಿ ಕೆಲಸ ಮಾಡುತ್ತದೆ, ಎರಡು ಮೂರು ವಾರ ತಾಳ್ಮೆ ಬೇಕು. ಹುಳು ಯಾವುದು ಅಂತ ಗೊತ್ತಾಗದಿದ್ದರೆ ನಾಲ್ಕನ್ನು ಡಬ್ಬಿಯಲ್ಲಿ ಮಣ್ಣಿನ ಸಮೇತ ಹಾಕಿಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ, ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಕಿಸಾನ್ ಕಾಲ್ ಸೆಂಟರ್ 1800-180-1551 ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಹುಲ್ಲು ಒಣಗಿ, ಮೇಲೆ ತೆಳು ಮಣ್ಣಿನ ಪೊರೆ ಕಟ್ಟಿದ್ದರೆ ಅದು ಗೊಣ್ಣೆಹುಳು ಅಲ್ಲ, ಗೆದ್ದಲು. ಲಾನಿನ ಕೆಳಗೆ ಮನೆ ಕಟ್ಟಿದಾಗಿನ ಸೆಂಟ್ರಿಂಗ್ ಹಲಗೆ ಚೂರು, ಮರದ ಬೊಡ್ಡೆ ಉಳಿದಿದೆಯಾ ನೋಡಿ ತೆಗೆಸಿ. ಅದೇ ಪೊರೆ ಮನೆಯ ಗೋಡೆಗೂ ಹತ್ತಿದ್ದರೆ ಗೆದ್ದಲು ನಿಯಂತ್ರಣದವರನ್ನು ಕರೆಸಿ.

ಬೆರಳು ದಪ್ಪದ ಉಬ್ಬು ಗೆರೆಗಳು, ಸೊಟ್ಟ ಸೊಟ್ಟವಾಗಿ

ಮೋಲ್ ಫೋಟೋಗಳಿಗೆ ಹೋಲುವುದು ಇದೇ, ಅದಕ್ಕೇ ಜನ ಮೋಸ ಹೋಗುತ್ತಾರೆ. ಆದರೆ ಮೋಲ್‌ನ ಗೆರೆ ಕೈ ಅಗಲ ಇರುತ್ತದೆ, ಇದು ಬೆರಳಗಲ. ಮಾಡುವುದು ನೆಲ ಕೊರೆಯುವ ಒಂದು ಜೀರುಂಡೆ. ಕಂದು ಬಣ್ಣ, ಒಂದೂವರೆ ಇಂಚು ಉದ್ದ, ಮುಂಗಾಲು ಪುಟ್ಟ ಸಲಿಕೆಯಂತೆ. ಮಳೆಗಾಲದ ರಾತ್ರಿ ಬಲ್ಬಿಗೆ ಬಂದು ಬೀಳುತ್ತದೆ, ನೀವೂ ನೋಡಿರುತ್ತೀರಿ.

ಪರೀಕ್ಷೆ ಸುಲಭ. ನಾಲ್ಕು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಗೆರೆ ಇರುವಲ್ಲಿ ಎರಡು ಅಡಿ ಚೌಕಕ್ಕೆ ಸುರಿಯಿರಿ. ಎರಡು ಮೂರು ನಿಮಿಷದಲ್ಲಿ ಉಸಿರುಗಟ್ಟಿ ಮೇಲೆ ಬರುತ್ತದೆ. ಒಂದೆರಡು ಬಂದರೆ ಹಿಡಿದು ಕೋಳಿಗೆ ಹಾಕಿ, ಮುಗಿಯಿತು. ನೀರು ಕಡಿಮೆ ಮಾಡಿ, ಲಾನಿನ ಮೇಲೆ ರಾತ್ರಿಯೆಲ್ಲಾ ಉರಿಯುವ ಲೈಟ್ ಆರಿಸಿ.

ಚಿಕ್ಕ ಚಿಕ್ಕ ಕುಳಿಗಳು, ಆದರೆ ಬಿಲ ಇಲ್ಲ

ಯಾರೋ ಚಮಚದಿಂದ ಕೆದಕಿದಂತೆ. ಇಲ್ಲಿ ಯಾರೂ ಮನೆ ಮಾಡಿಲ್ಲ. ಹುಳು ತಿನ್ನಲು ಬಂದು ಹೋಗಿದ್ದಾರೆ ಅಷ್ಟೇ. ಹಗಲು ಕೆದಕಿದ್ದರೆ ಗೊರವಂಕ, ಮುಂಗುಸಿ. ಹಾವೇರಿ ಕಡೆ, ಧಾರವಾಡದ ಹೊರಗಿನ ಬಡಾವಣೆಗಳಲ್ಲಿ ನವಿಲೂ ಬರುತ್ತದೆ. ನವಿಲು ಲಾನ್ ಹಾಳು ಮಾಡಿತು ಅಂತ ಕಲ್ಲು ಬೀಸಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಪೂರ್ತಿ ರಕ್ಷಣೆ ಇದೆ. ಹಕ್ಕಿಗಳು ದಿನಾ ಒಂದೇ ಜಾಗ ಕೆದಕುತ್ತಿದ್ದರೆ ಅಲ್ಲಿ ಗೊಣ್ಣೆಹುಳು ಇದೆ ಅಂತ ಅವೇ ತೋರಿಸಿಕೊಡುತ್ತಿವೆ.

ರಾತ್ರಿ ಕೆದಕಿದ್ದರೆ, ಜೊತೆಗೆ ಚಿಂವ್ ಚಿಂವ್ ಸದ್ದು, ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಸೊಂಡಿಲಿ. ಚೂಪು ಮೂತಿ, ಸಣ್ಣ ಕಣ್ಣು, ಗೋಡೆ ಹಿಡಿದೇ ಓಡುತ್ತದೆ. ಹೆಸರಲ್ಲಿ ಇಲಿ ಇದ್ದರೂ ಇದು ಇಲಿ ಜಾತಿ ಅಲ್ಲ. ತಮಾಷೆ ಅಂದರೆ, ಮೋಲ್‌ನ ನೆಂಟ ಅಂತ ನಮ್ಮ ಕಡೆ ಯಾರಾದರೂ ಇದ್ದರೆ ಅದು ಈ ಸೊಂಡಿಲಿಯೇ. ಜಿರಳೆ, ಹುಳುಗಳನ್ನು ತಿಂದು ಬದುಕುತ್ತದೆ. ಬೆಕ್ಕು ಹಿಡಿದರೂ ವಾಸನೆಗೆ ತಿನ್ನದೆ ಬಿಟ್ಟು ಹೋಗುತ್ತದೆ. ಇದನ್ನು ಕೊಂದರೆ ನಷ್ಟ ನಿಮಗೇ. ಬೋನಿಗೆ ಬಿದ್ದರೆ ಬಿಟ್ಟುಬಿಡಿ.

ಕುಳಿ ಅಲ್ಲ, ಇಡೀ ಲಾನ್ ಉತ್ತಂತೆ ಆಗಿದ್ದರೆ ಹಂದಿ. ಗೇಟ್ ಭದ್ರ ಮಾಡಿಸಿ. ಬೇರೆ ಮದ್ದಿಲ್ಲ.

ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಬಾಯಲ್ಲಿ ಹೊಸ ಮಣ್ಣಿನ ರಾಶಿ

ನಮ್ಮ ಮನೆಯ ಕತೆ ಇದು. ನಿಮ್ಮದೂ ಬಹುಶಃ ಇದೇ. ಹೆಗ್ಗಣ.

ನಮ್ಮಲ್ಲಿ ಎರಡು ಬಗೆ ಇವೆ. ದೊಡ್ಡದು ಬೆಕ್ಕಿನ ಮರಿಯಷ್ಟಿರುತ್ತದೆ, ಕೆಲವು ಒಂದು ಕಿಲೋ ತೂಗುತ್ತವೆ. ಸಣ್ಣದು ಕಾಲು ಕಿಲೋ ಆಸುಪಾಸು. ಆದರೆ ಅಗೆಯುವುದರಲ್ಲಿ ಸಣ್ಣದೇ ಮುಂದು. ಒಳಗೆ ಹೋಗಿ ಹಿಂದಿನಿಂದ ಮಣ್ಣಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾಗಿ ತೂತು ಕಾಣದೆ ಬರೀ ಗುಡ್ಡೆ ಕಂಡರೂ ಮೋಸ ಹೋಗಬೇಡಿ. ಕಾಳು ಕೂಡಿಡುವ ಚಟ ಬೇರೆ. ಸುಗ್ಗಿಯಲ್ಲಿ ಬಿಲ ಅಗೆದು ಕಾಳು ತೆಗೆಯುತ್ತಿದ್ದವರ ಕತೆ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಾರೆ. ಮೂರು ವಾರ ಚಿಲ್ಲರೆಯಲ್ಲಿ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೇಳು. ಇವತ್ತು ಒಂದು ಬಿಲ ಅಂತ ಸುಮ್ಮನಿದ್ದರೆ ದೀಪಾವಳಿ ಹೊತ್ತಿಗೆ ಸಂಸಾರ.

ಅದು ನಿಮ್ಮ ಹುಲ್ಲಿಗಾಗಿ ಬಂದಿಲ್ಲ. ಇದೇ ಮುಖ್ಯ ಮಾತು. ಮೋಲ್ ಲಾನಿಗೆ ಬರುವುದು ಲಾನಿನೊಳಗಿನ ಹುಳುಗಳಿಗಾಗಿ. ಹೆಗ್ಗಣಕ್ಕೆ ಲಾನ್ ಅಂದರೆ ಮೆತ್ತಗಿನ ಮಣ್ಣಿರುವ ವಸತಿ, ಅಷ್ಟೇ. ಊಟ ಬೇರೆಲ್ಲೋ ಇದೆ. ಆ ಊಟ ಎಲ್ಲಿ ಅಂತ ಹುಡುಕದೆ ಲಾನ್ ಅಗೆದರೆ ಬೆಟ್ಟ ಅಗೆದು ಇಲಿ ಹಿಡಿದಂತೆ ಆಗುತ್ತದೆ. ಆ ಇಲಿಯೂ ಸಿಗುವುದಿಲ್ಲ.

ಮೊದಲು ಸಂಜೆ ಆರರ ನಂತರ ಮನೆ ಸುತ್ತ ಒಂದು ಸುತ್ತು ಹಾಕಿ. ನಾಯಿಗೆ ಹಾಕಿದ ಅನ್ನ ಉಳಿದಿದೆಯಾ? ಪೇರಲ ಹಣ್ಣು ಬಿದ್ದಿದೆಯಾ? ಪಾರಿವಾಳಕ್ಕೆ ಚೆಲ್ಲಿದ ಜೋಳ? ಗೊಬ್ಬರದ ಗುಂಡಿಗೆ ಸುರಿದ ಚಪಾತಿ, ಪಲ್ಯ? ನಮ್ಮ ಮನೆಯಲ್ಲಿ ಇದ್ದದ್ದು ನಾನೇ ಪುಣ್ಯ ಬರಲಿ ಅಂತ ದಿನಾ ಕಟ್ಟೆಯ ಮೇಲೆ ಹಾಕುತ್ತಿದ್ದ ಹಕ್ಕಿ ಕಾಳು. ಹಕ್ಕಿ ತಿಂದು ಉಳಿದದ್ದೆಲ್ಲ ರಾತ್ರಿಪಾಳಿಯವರಿಗೆ. ಈಗ ಬೆಳಗ್ಗೆ ಒಂದು ಹಿಡಿ ಮಾತ್ರ, ಮಧ್ಯಾಹ್ನಕ್ಕೆ ಗುಡಿಸಿಬಿಡುತ್ತೇನೆ.

ಆಮೇಲೆ ಅಡಗುವ ಜಾಗ. ಮನೆ ಕಟ್ಟಿ ಉಳಿದ ಇಟ್ಟಿಗೆ, ಹಂಚು, ಕಟ್ಟಿಗೆ ಒಟ್ಟಿಲು ಕಂಪೌಂಡಿಗೆ ಆನಿಸಿಟ್ಟಿರುತ್ತೇವೆ. ಎಂದಾದರೂ ಬೇಕಾಗುತ್ತದೆ ಅಂತ. ಅದನ್ನು ಸಾಗಿಸಿ, ಇಲ್ಲವಾದರೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಜೋಡಿಸಿ. ತೆಗೆಯುವಾಗ ಉದ್ದ ಕೋಲಿನಿಂದ ಮೊದಲು ಬಡಿಯಿರಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೂರನೆಯದು ಚೇಂಬರ್. ರಂಗೋಲಿ ಪುಡಿ ನನಗೆ ತೋರಿಸಿಕೊಟ್ಟಿದ್ದು ಇದನ್ನೇ. ಹೆಜ್ಜೆಗಳು ಬಿಲದಿಂದ ಹೊರಟು ಕಂಪೌಂಡ್ ಮೂಲೆಯ ಒಳಚರಂಡಿ ಚೇಂಬರ್ ತನಕ ಹೋಗಿದ್ದವು. ಮುಚ್ಚಳದ ಒಂದು ಮೂಲೆ ಒಡೆದಿತ್ತು. ಹೆಗ್ಗಣ ಚೆನ್ನಾಗಿ ಈಜುತ್ತದೆ, ಚರಂಡಿ ಅದಕ್ಕೆ ಹೆದ್ದಾರಿ ಇದ್ದಂತೆ. ಒಡೆದ ಮುಚ್ಚಳ ಬದಲಿಸಿ, ಸುತ್ತ ಸಿಮೆಂಟ್ ಹಚ್ಚಿಸಿ. ಮಳೆ ನೀರು ಹೋಗುವ ತೂತಿಗೆ ಕಬ್ಬಿಣದ ಜಾಳಿಗೆ ಕೂರಿಸಿ. ಪ್ಲಾಸ್ಟಿಕ್ ಜಾಳಿಗೆ ಅದಕ್ಕೆ ಒಂದು ರಾತ್ರಿಯ ಕೆಲಸ. ಮುಚ್ಚಳ ಬದಲಿಸಿದ ವಾರದಲ್ಲೇ ನಮ್ಮ ಎರಡು ಬಿಲಗಳಲ್ಲಿ ಒಂದು ಖಾಲಿಯಾಯಿತು.

ಬೋನು ಇಡುವುದು

ಇಷ್ಟು ಮಾಡಿಯೂ ಬಿಲ ತೆರೆಯುತ್ತಲೇ ಇದ್ದರೆ ಬೋನು. ಸಣ್ಣ ಇಲಿ ಬೋನು ಸಾಲದು, ಹೆಗ್ಗಣದ ದೊಡ್ಡ ತಂತಿ ಬೋನು ತನ್ನಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ತಂದ ರಾತ್ರಿಯೇ ಬಾಗಿಲು ಎತ್ತಿ ಕಾಯುವುದು. ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಅನುಮಾನ. ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿನಿಸು ಇಡಿ. ತಿಂದು ಹೋಗಲಿ. ಧೈರ್ಯ ಬರಲಿ. ನಾಲ್ಕನೇ ರಾತ್ರಿ ಬಾಗಿಲು ಸಜ್ಜು ಮಾಡಿ.

ತಿನಿಸು ಅಂದರೆ ಒಣಮೀನು, ಸುಟ್ಟ ಕೊಬ್ಬರಿ, ಶೇಂಗಾ. ನಮ್ಮದು ಶಾಕಾಹಾರಿ ಮನೆ. ಅಜ್ಜ ಮಿರ್ಚಿ ಭಜಿ ಇಡಲು ಹೇಳಿದರು. ಮೆಣಸಿನಕಾಯಿ ತಿನ್ನುತ್ತದಾ ಅಂತ ನನಗೆ ಅನುಮಾನ. "ಎಣ್ಣಿ ವಾಸನಿಗೆ ಬರ್ತೈತ್ರಿ ಅಕ್ಕಾರ" ಅಂದರು. ಬಂತು. ಭಜಿಯ ಹಿಟ್ಟು ತಿಂದು ಮೆಣಸಿನಕಾಯಿ ಬಿಟ್ಟಿತ್ತು.

ಬೋನನ್ನು ಲಾನಿನ ನಡುವೆ ಇಡಬೇಡಿ. ಗೋಡೆಗೆ ಒತ್ತಿ, ಹೆಜ್ಜೆ ಗುರುತು ಇದ್ದ ದಾರಿಯಲ್ಲಿ, ಮೇಲೆ ಗೋಣಿಚೀಲ ಮುಚ್ಚಿ ಇಡಿ. ಕೈಗವಸು ಹಾಕಿಕೊಂಡೇ ಮುಟ್ಟಿ. ಬೆಳಗ್ಗೆ ಬೇಗ ನೋಡಿ, ಬಿಸಿಲಿಗೆ ಬಿಡಬೇಡಿ. ಸಿಕ್ಕಿದ್ದನ್ನು ಮುಂದಿನ ಓಣಿಗೆ ಬಿಟ್ಟು ಬರುವುದು ನನಗೆ ಸರಿ ಕಾಣುವುದಿಲ್ಲ, ನಮ್ಮ ಕಷ್ಟ ಅವರ ತಲೆಗೆ ಕಟ್ಟಿದಂತೆ. ಬೋನು ಸಮೇತ ನೀರಲ್ಲಿ ಅದ್ದುವುದನ್ನು ನೋಡಲೂ ಆಗದು. ನಾನು ಕೀಟ ನಿಯಂತ್ರಣದವರಿಗೆ ಫೋನ್ ಮಾಡಿ ಒಪ್ಪಿಸಿದೆ. ಚೌತಿಯ ಮರುದಿನ ಇಲಿಗೆ ಪೂಜೆ ಮಾಡುವ ಮನೆಗಳು ನಮ್ಮ ಸೀಮೆಯಲ್ಲಿವೆ. ಗಣಪನಿಗೆ ಕರಿಕೆ ಏರಿಸುತ್ತೇವೆ, ಅವನ ವಾಹನ ಅದೇ ಕರಿಕೆಯ ಬುಡ ಅಗೆಯುತ್ತದೆ. ಏನು ಹೇಳುವುದು.

ಅಂಟಿನ ಹಲಗೆ ಮಾತ್ರ ಹೊರಗೆ ಇಡಲೇಬೇಡಿ. ಅಳಿಲು, ಹಲ್ಲಿ, ಗುಬ್ಬಿ ಸಿಕ್ಕಿ ನರಳಿ ಸಾಯುತ್ತವೆ.

ಮತ್ತೆ ಬರದಂತೆ

ಬಿಲ ಎರಡು ವಾರ ತೆರೆಯದಿದ್ದರೆ ಅಗೆದು ಮುಚ್ಚಿ. ಸುಮ್ನೆ ಮೇಲೆ ಮಣ್ಣು ಹಾಕಿದರೆ ಹಳೆಯ ಸುರಂಗ ಖಾಲಿ ಮನೆಯಂತೆ ಹೊಸಬರಿಗೆ ಸಿಗುತ್ತದೆ. ಜಲ್ಲಿ, ಮಣ್ಣು ಸೇರಿಸಿ ಬಡಿದು ತುಂಬಿ. ಕಂಪೌಂಡ್ ಬುಡದಲ್ಲೇ ನುಗ್ಗುತ್ತಿದ್ದರೆ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಜಾಳಿಗೆ ತಂದು ಎರಡು ಅಡಿ ಆಳಕ್ಕೆ ಹೂಳಿ, ಕೆಳ ತುದಿಯನ್ನು ಒಂದು ಅಡಿ ಹೊರಕ್ಕೆ ಮಡಚಿ. ಅಗೆಯುತ್ತಾ ಬಂದದ್ದು ಆ ಮಡಿಕೆಗೆ ತಾಗಿ ನಿಲ್ಲುತ್ತದೆ. ಖರ್ಚು ಇದೆ, ಕೂಲಿಯೂ ಇದೆ. ಹಾಗಾಗಿ ಇದು ಕೊನೆಯ ಕೆಲಸ, ಮೊದಲನೆಯದಲ್ಲ.

ಮಾಡಬಾರದ್ದು

ಡಾಂಬರು ಗುಳಿಗೆ, ಮೆಣಸಿನ ಹೊಗೆ, ಸದ್ದು ಮಾಡುವ ಕಂಬಿ: ಮೂರನ್ನೂ ನೋಡಿದ್ದೇನೆ, ಮೂರೂ ದಂಡ. ಡಾಂಬರು ಗುಳಿಗೆಯನ್ನು ಸಣ್ಣ ಮಕ್ಕಳು ಪೆಪ್ಪರ್‌ಮಿಂಟ್ ಅಂದುಕೊಂಡು ಬಾಯಿಗೆ ಹಾಕಿಕೊಂಡಾರು. ಬಿಲಕ್ಕೆ ಪೈಪು ಬಿಟ್ಟು ನೀರು ತುಂಬಿದರೆ ಎರೆ ಮಣ್ಣಿನಲ್ಲಿ ಕಂಪೌಂಡ್ ಗೋಡೆಯ ಬುಡವೇ ಸಡಿಲಾಗುತ್ತದೆ. ಪೆಟ್ರೋಲ್ ಸುರಿದು ಬೆಂಕಿ ಇಡುವವರೂ ಇದ್ದಾರೆ, ದಯವಿಟ್ಟು ಬೇಡ. ಬ್ಲೀಚಿಂಗ್ ಪೌಡರ್ ಮೇಲೆ ಟಾಯ್ಲೆಟ್ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದರಿಂದ ಮೊದಲು ಕೆಮ್ಮುವವರು ನೀವು.

ವಿಷದ ಮಾತು. ಅಂಗಡಿಯಲ್ಲಿ ಸಿಗುವ ಬ್ರೋಮಾಡಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕೈದು ದಿನದ ಮೇಲೆ ಕೊಲ್ಲುತ್ತದೆ. ಆ ಸತ್ತ ಹೆಗ್ಗಣವನ್ನು ನಾಯಿ, ಬೆಕ್ಕು, ಗೂಗೆ ತಿಂದರೆ ಅವಕ್ಕೂ ಆಪತ್ತು. ಹೆಗ್ಗಣ ಹಿಡಿಯುವ ಗೂಗೆಯನ್ನು ನಾವೇ ಕೊಂದಂತೆ. ಇಡಲೇಬೇಕು ಅಂದರೆ ಬೀಗ ಹಾಕುವ ಪೆಟ್ಟಿಗೆಯಲ್ಲಿ, ತಿಳಿದವರ ಕೈಯಿಂದ. ಜಿಂಕ್ ಫಾಸ್ಫೈಡ್ ಕಪ್ಪು ಪುಡಿ ಹೊಟ್ಟೆಗೆ ಹೋದರೆ ವಿಷಾನಿಲ ಆಗುತ್ತದೆ. ಹಳದಿ ರಂಜಕದ ಇಲಿ ಪೇಸ್ಟ್ ಯಕೃತ್ತನ್ನೇ ಹಾಳು ಮಾಡುತ್ತದೆ. ಈ ಎರಡಕ್ಕೂ ಪ್ರತಿವಿಷ ಇಲ್ಲ. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಬಿಲಕ್ಕೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಅನಿಲ ಮಣ್ಣಿನ ಸಂದಿನಿಂದ ಮನೆಯೊಳಗೆ ಬಂದರೆ ಮಲಗಿದವರು ಏಳುವುದಿಲ್ಲ. ಅದು ಪರವಾನಗಿ ಇರುವವರ ಕೆಲಸ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಬಿಲದ ಬಾಯಿ ನುಣ್ಣಗಾಗಿದೆ, ಹೊಸ ಮಣ್ಣಿಲ್ಲ, ಪಕ್ಕದಲ್ಲಿ ಪೊರೆ ಬಿದ್ದಿದೆ ಅಂದರೆ ಒಳಗಿರುವುದು ಹಾವು. ಹೆಗ್ಗಣದ ಬಿಲ ನಾಗರಹಾವು, ಕೊಳಕುಮಂಡಲ ಎರಡಕ್ಕೂ ಇಷ್ಟ. ಇಟ್ಟಿಗೆ ರಾಶಿಗೆ ಮೊದಲು ಕೋಲು ಹಾಕಿ ಅಂದಿದ್ದು ಇದಕ್ಕೇ. ಯಾವ ಬಿಲಕ್ಕೂ ಕೈ ಹಾಕಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಅಲುಗಾಡದಂತೆ ಕೂರಿಸಿ 108ಕ್ಕೆ ಫೋನ್ ಮಾಡಿ. ಕೇರೆ ಹಾವಾದರೆ ವಿಷವಿಲ್ಲ, ಹೆಗ್ಗಣ ಹಿಡಿಯಲೇ ಬಂದಿರುತ್ತದೆ. ಆದರೆ ನೋಡಿ ಗುರುತಿಸುವ ಪಂಥ ನೀವು ಕಟ್ಟಬೇಡಿ.

ಬಿಲ ಮನೆಯ ಅಡಿಪಾಯ, ಸಂಪ್, ಅಥವಾ ಕಂಪೌಂಡ್ ಗೋಡೆಯ ಕೆಳಗೆ ಹೋಗಿ ಗೋಡೆ ಬಿರುಕು ಬಿಟ್ಟಿದ್ದರೆ ಅಗೆಯುವುದು ನಿಲ್ಲಿಸಿ, ಮನೆ ಕಟ್ಟಿಸಿದ ಎಂಜಿನಿಯರ್‌ಗೆ ಅಥವಾ ಅನುಭವಿ ಮೇಸ್ತ್ರಿಗೆ ತೋರಿಸಿ. ಬೋರ್‌ವೆಲ್ ಮೋಟಾರಿನ ಕೇಬಲ್ ಲಾನಿನ ಕೆಳಗೆ ಹೋಗಿದ್ದರೆ ಹೆಗ್ಗಣ ಅದನ್ನೂ ಕಡಿಯುತ್ತದೆ. ಮೇನ್ ಆಫ್ ಮಾಡದೆ ಸಲಿಕೆ ಹಾಕಬೇಡಿ. ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟಾಗ ಜುಂ ಅಂದರೆ ಹಿಂದೆ ಸರಿಯಿರಿ, ಹೆಸ್ಕಾಂನ 1912ಕ್ಕೆ ಹೇಳಿ.

ಹೆಗ್ಗಣದ ಮೂತ್ರ ಬಿದ್ದ ಕೆಸರಿನಲ್ಲಿ ಇಲಿ ಜ್ವರದ ರೋಗಾಣು ಇರಬಹುದು. ಮಳೆಗಾಲದಲ್ಲಿ ಬರಿಗಾಲಲ್ಲಿ, ಕಾಲಲ್ಲಿ ಗಾಯ ಇದ್ದಾಗ ಲಾನ್ ಕೆಲಸ ಬೇಡ. ಕೆಲಸ ಮಾಡಿದ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ವೈದ್ಯರಿಗೆ "ಹೆಗ್ಗಣದ ಬಿಲ ಅಗೆದಿದ್ದೆ" ಅಂತ ನೀವಾಗಿಯೇ ಹೇಳಿ. ಅವರು ಕೇಳಲಿಕ್ಕಿಲ್ಲ.

ಯಾರಾದರೂ ವಿಷ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸುತ್ತಾ ಕೂರಬೇಡಿ. ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ, ಆ ಕ್ಷಣ ಚೆನ್ನಾಗಿದ್ದರೂ ಸರಿ. ನಾಯಿ ತಿಂದಿದ್ದರೂ ಹಾಗೇ, ಪೊಟ್ಟಣ ಹಿಡಿದು ಪಶು ವೈದ್ಯರ ಹತ್ತಿರ. ಬ್ರೋಮಾಡಯೋಲೋನ್‌ಗೆ ವಿಟಮಿನ್ ಕೆ ಚಿಕಿತ್ಸೆ ಇದೆ, ಬೇಗ ಹೋದರೆ.

ನಮ್ಮ ಲಾನಿನಲ್ಲಿ ಈಗ ಐದು ತಿಂಗಳಿಂದ ಹೊಸ ಗುಡ್ಡೆ ಎದ್ದಿಲ್ಲ. ಹುಲ್ಲು ಕಿತ್ತುಹೋದ ಜಾಗಕ್ಕೆ ಅಜ್ಜ ಕರಿಕೆ ತಂದು ನೆಟ್ಟರು, ಹತ್ತಿಕೊಂಡಿದೆ. ಸೋಲಾರ್ ಕಂಬಿ ಇನ್ನೂ ಇದೆ. ಸದ್ದು ನಿಂತಿದೆ, ಟೊಮೆಟೊ ಗಿಡವನ್ನು ಅದಕ್ಕೆ ಕಟ್ಟಿದ್ದೇನೆ.